ಏಟು ಬಿದ್ದ ಎಂಜಿಬಿ ರೋಡ್‌ಸ್ಟರ್: ಸರಿ ಮಾಡಿಸಲಾ, ಕೈಬಿಡಲಾ?

ಕ್ರೋಮ್_ಬಂಪರ್:

ಎಲ್ಲರಿಗೂ ನಮಸ್ಕಾರ. ಒಂದು ತೀರ್ಮಾನ ಬೇಗ ಮಾಡಬೇಕಾಗಿದೆ. ಒಬ್ಬನೇ ಎಷ್ಟು ಯೋಚಿಸಿದರೂ ದಾರಿ ಕಾಣುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಮೇಲೆ ತೆರೆದಿರುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ವೈರ್ ವೀಲ್. ಹೋದ ವಾರ ಅಡ್ಡರಸ್ತೆಯಿಂದ ನಿಲ್ಲಿಸದೆ ನುಗ್ಗಿದ ಒಂದು ವ್ಯಾನು ಎಡಗಡೆಯ ಮುಂದಿನ ಮೂಲೆಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಅದು ದೊಡ್ಡ ಸಮಾಧಾನ. ಗಾಡಿಗೆ ಮಾತ್ರ ಜೋರಾಗೇ ಬಿದ್ದಿದೆ. ಎಡ ಫೆಂಡರ್ ಬಾಗಿಲವರೆಗೂ ಮುದುಡಿದೆ. ಬಾನೆಟ್ ನಡುವೆ ಮಡಚಿಕೊಂಡಿದೆ. ಬಂಪರ್, ಗ್ರಿಲ್ ಎರಡೂ ಹೋಗಿವೆ. ರೇಡಿಯೇಟರ್ ಹಿಂದಕ್ಕೆ ಬಂದು ಫ್ಯಾನಿಗೆ ತಾಗಿದೆ, ಮುಂದಿರುವ ಆಯಿಲ್ ಕೂಲರ್ ಬಗ್ಗಿ ಎಣ್ಣೆ ಸೋರುತ್ತಿದೆ. ಎಡ ಚಕ್ರ ಇರಬೇಕಾದ ಜಾಗಕ್ಕಿಂತ ಹಿಂದೆ ಕೂತಿದೆ, ಕಣ್ಣಿಗೇ ಗೊತ್ತಾಗುತ್ತದೆ. ಎಡ ಬಾಗಿಲು ತೆಗೆಯಬಹುದು, ಹಾಕುವಾಗ ಮೇಲಿನ ಅಂಚು ಉಜ್ಜುತ್ತದೆ. ಬಲಗಡೆ ಒಂದು ಗೀರೂ ಇಲ್ಲ.

ವ್ಯಾನಿನವರ ವಿಮೆ ಕಂಪನಿ ಇದು ಟೋಟಲ್ ಲಾಸ್ ಅಂತ ಹೇಳಿದೆ. ಅವರು ಹೇಳುವ ಹಣ ತೆಗೆದುಕೊಂಡು ಗಾಡಿ ಕೊಟ್ಟುಬಿಡಬಹುದು. ಇಲ್ಲವೇ ಸ್ವಲ್ಪ ಕಡಿಮೆ ಹಣಕ್ಕೆ ಒಪ್ಪಿ ಗಾಡಿ ನಾನೇ ಇಟ್ಟುಕೊಳ್ಳಬಹುದು. ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿ ತೋರಿಸಿದೆ. ಒಬ್ಬರು ಗಾಡಿಯನ್ನು ಜಾಕ್ ಮೇಲೆ ಎತ್ತದೆಯೇ "ಎಲ್ಲಾ ಮೊದಲಿನ ಹಾಗೇ ಮಾಡಿಕೊಡ್ತೀನಿ" ಅಂದರು. ಇನ್ನೊಬ್ಬರು ಬಗ್ಗಿ ಕೆಳಗೆ ನೋಡದೆಯೇ "ಬಿಡಿ ಸರ್, ಮುಗೀತು ಇದರ ಕಥೆ" ಅಂದರು. ಯಾರ ಮಾತು ನಂಬಲಿ?

ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿವೆ. ಒಳಗಿನ ಸೀಟು, ಮೇಲೆ ಹೊದಿಸುವ ಬಟ್ಟೆಯ ಹುಡ್ ಎಲ್ಲ ನಾನೇ ಇಷ್ಟಪಟ್ಟು ಮಾಡಿಸಿದ್ದು. ಗಾಡಿ ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಬರೀ ಪ್ರೀತಿಗೆ ಬಿದ್ದು ದುಡ್ಡು ಸುರಿದು, ಕೊನೆಗೆ ನೇರವಾಗಿ ಓಡದ ಗಾಡಿ ಇಟ್ಟುಕೊಂಡು ಕೂರುವುದೂ ಬೇಡ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಶೀಟ್_ಮೆಟಲ್:

ಮೊದಲು ಒಂದು ಕೆಲಸ ಮಾಡಿ. ಬ್ಯಾಟರಿ ವೈರ್ ತೆಗೆಯಿರಿ, ನಿಮ್ಮ ಗಾಡಿಯಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರಬೇಕು. ಸುಮ್ನೆ ಸ್ಟಾರ್ಟ್ ಆಗುತ್ತಾ ನೋಡೋಣ ಅಂತ ಕೀ ತಿರುಗಿಸಬೇಡಿ. ಆಯಿಲ್ ಕೂಲರ್ ಒಡೆದಿದ್ದರೆ ಎಂಜಿನ್ ಎಣ್ಣೆ ಅಲ್ಲಿಂದಲೇ ಹೊರಗೆ ಹೋಗುತ್ತದೆ, ಈಗ ಚೆನ್ನಾಗಿರುವ ಎಂಜಿನ್ನೂ ಹಾಳಾಗುತ್ತದೆ.

ನಾನು ಹಳೇ ಗಾಡಿಗಳ ಟಿಂಕರಿಂಗ್ ಕೆಲಸ ಮಾಡುವವನು. ನೀವು ಬರೆದ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಫೆಂಡರೂ ಅಲ್ಲ, ಬಾನೆಟ್ಟೂ ಅಲ್ಲ. ಎಂಜಿಬಿಯ ಮುಂದಿನ ಫೆಂಡರ್ ಬೋಲ್ಟ್ ಬಿಚ್ಚಿದರೆ ಬರುತ್ತದೆ, ಹೊಸದು ಸಿಗುತ್ತದೆ, ಹಳೇದೂ ಸಿಗುತ್ತದೆ. ಬಾನೆಟ್, ಗ್ರಿಲ್, ರೇಡಿಯೇಟರ್ ಎಲ್ಲವೂ ಹಾಗೇ. ನೋಡುವವರ ಕಣ್ಣಿಗೆ ಇವೇ ಭಯಂಕರವಾಗಿ ಕಾಣುವುದು, ಸರ್ವೇಯರ್ ಫೋಟೋ ತೆಗೆಯುವುದೂ ಇವನ್ನೇ. ನೀವು ಕೇಳಬೇಕಾದ ಪ್ರಶ್ನೆಗಳು ಎರಡೇ. ಚಕ್ರ ಯಾಕೆ ಹಿಂದೆ ಹೋಯಿತು? ಬಾಗಿಲು ಯಾಕೆ ಉಜ್ಜುತ್ತಿದೆ?

ಚಕ್ರದ ವಿಷಯ ಮೊದಲು. ಮುಂದಿನ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ರ‍್ಯಾಕ್ ಎರಡನ್ನೂ ಹೊತ್ತಿರುವುದು ಒಂದು ದಪ್ಪ ಅಡ್ಡತೊಲೆ, ಅಂದರೆ ಕ್ರಾಸ್‌ಮೆಂಬರ್. ಅದು ನಾಲ್ಕು ಉದ್ದ ಬೋಲ್ಟ್‌ಗಳಲ್ಲಿ ಮುಂದಿನ ಚಾಸಿ ರೈಲುಗಳಿಗೆ, ಅಂದರೆ ಮೈಗೇ ಸೇರಿದ ಉದ್ದನೆಯ ಉಕ್ಕಿನ ತೊಲೆಗಳಿಗೆ, ಕೂತಿರುತ್ತದೆ. ಏಟು ಬಿದ್ದಾಗ ಚಕ್ರವನ್ನು ಹಿಡಿದಿರುವ ಕವಲು ತೋಳು, ಅಂದರೆ ವಿಶ್‌ಬೋನ್ ಮಾತ್ರ ಬಗ್ಗಿರಬಹುದು, ಕ್ರಾಸ್‌ಮೆಂಬರ್ ತಿರುಚಿರಬಹುದು, ಅಥವಾ ರೈಲೇ ಬಗ್ಗಿರಬಹುದು. ಮೊದಲೆರಡು ಬಿಚ್ಚಿ ಬದಲಿಸುವ ಸಾಮಾನು. ಮೂರನೆಯದಾದರೆ ಜಿಗ್ ಮೇಲೆ, ಅಂದರೆ ಗಾಡಿಯನ್ನು ಬಿಗಿದು ಅಳೆದು ನೇರ ಮಾಡುವ ಚೌಕಟ್ಟಿನ ಮೇಲೆ, ಹಾಕಿ ಎಳೆಯಬೇಕು. ಎಳೆಯಲು ಬರುತ್ತದೆ, ಆ ಕಾಲದ ಶೀಟು ಮೆತ್ತನೆಯ ಉಕ್ಕು, ಈಗಿನ ಗಾಡಿಗಳ ಗಟ್ಟಿ ಉಕ್ಕಿನ ಹಾಗಲ್ಲ. ಆದರೆ ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ.

ಇದನ್ನು ಕಣ್ಣಳತೆಯಲ್ಲಿ ಹೇಳಬಾರದು, ಅಳೆಯಬೇಕು. ಅದಕ್ಕೆ ದೊಡ್ಡ ಸಲಕರಣೆ ಬೇಡ. ಸಮತಟ್ಟಾದ ನೆಲದ ಮೇಲೆ ಗಾಡಿಯನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ದಾರಕ್ಕೆ ತೂಕದ ಗುಂಡು ಕಟ್ಟಿ. ಕ್ರಾಸ್‌ಮೆಂಬರ್ ಬೋಲ್ಟುಗಳ ನಡು, ಹಿಂದಿನ ಸ್ಪ್ರಿಂಗ್ ಪಟ್ಟಿಯ ಮುಂದಿನ ಬೋಲ್ಟು, ಹೀಗೆ ಎರಡೂ ಕಡೆ ಜೋಡಿ ಇರುವ ಜಾಗಗಳಿಂದ ದಾರ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಗುಂಡು ಅಲುಗಾಡುವುದು ಪೂರ್ತಿ ನಿಲ್ಲುವವರೆಗೂ ಕಾಯಿರಿ, ಅವಸರದಲ್ಲಿ ಹಾಕಿದ ಗುರುತು ಮೋಸ ಮಾಡುತ್ತದೆ. ಆಮೇಲೆ ಗಾಡಿ ಪಕ್ಕಕ್ಕೆ ಸರಿಸಿ ಕರ್ಣಗಳನ್ನು ಅಳೆಯಿರಿ. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ. ಎರಡೂ ಹೆಚ್ಚು ಕಡಿಮೆ ಒಂದೇ ಇದ್ದರೆ ರೈಲು ಉಳಿದಿದೆ ಅಂತ ಅರ್ಥ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನ ತನಕದ ದೂರವನ್ನು, ಅಂದರೆ ವೀಲ್‌ಬೇಸನ್ನು, ಎರಡೂ ಕಡೆ ಬೇರೆ ಬೇರೆ ಅಳೆಯಿರಿ, 91 ಇಂಚು ಇರಬೇಕು.

ಇನ್ನು ಬಾಗಿಲು. ಫೆಂಡರಿನ ಹಿಂದಿನ ಅಂಚು ಬಾಗಿಲ ಮೇಲೆ ಒತ್ತಿಕೊಂಡಿದ್ದರೆ ಬಚಾವ್. ಹಿಂಜ್ ಕಂಬವೇ ಹಿಂದಕ್ಕೆ ಬಂದಿದ್ದರೆ ಕಷ್ಟ. ಇವೆರಡೂ ಅಲ್ಲದೆ, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಮೊದಲೇ ತುಕ್ಕು ತಿಂದು ಸೊರಗಿದ್ದು ಈ ಏಟಿಗೆ ಗಾಡಿ ನಡುವಿನಲ್ಲಿ ಕುಸಿದಿದ್ದರೆ ಇನ್ನೂ ಕಷ್ಟ. ಫೆಂಡರ್ ಬಿಚ್ಚಿ ಬಾಗಿಲು ಹಾಕಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಳತೆ ಬರುವವರೆಗೂ ಯಾರಿಗೂ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ.

ಪಾಲಿಸಿ_ಓದಿ:

ಶೀಟ್_ಮೆಟಲ್ ಅವರು ಹೇಳಿದ್ದು ಸರಿ, ಆದರೆ ಫೆಂಡರ್ ಬಿಚ್ಚುವ ಮೊದಲು ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. "ಒಳಗಿನ ಹಾನಿ ನೋಡಲು ಬಿಚ್ಚುತ್ತಿದ್ದೇನೆ, ಬೇಕಾದರೆ ನಿಮ್ಮವರನ್ನು ಕಳಿಸಿ" ಅಂತ. ಇಲ್ಲದಿದ್ದರೆ ಆಮೇಲೆ ನೀವೇ ಹಾಳು ಮಾಡಿದಿರಿ ಅನ್ನಲು ಅವರಿಗೆ ದಾರಿ ಸಿಗುತ್ತದೆ. ಪ್ರತಿ ಹಂತದಲ್ಲೂ ಫೋಟೋ ಇರಲಿ, ಪಕ್ಕದಲ್ಲಿ ಟೇಪು ಹಿಡಿದು ತೆಗೆಯಿರಿ.

ಟೋಟಲ್ ಲಾಸ್ ಅಂದರೆ ಗಾಡಿ ಸತ್ತಿದೆ ಅಂತ ಅಲ್ಲ. ಅವರ ಪುಸ್ತಕದಲ್ಲಿ ರಿಪೇರಿ ಖರ್ಚು ಗಾಡಿಯ ಬೆಲೆಗೆ ಹತ್ತಿರ ಬಂದಿದೆ ಅಥವಾ ದಾಟಿದೆ, ಅಷ್ಟೇ. ಹಾಗಾದರೆ ಗಾಡಿಯ ಬೆಲೆ ಅಂತ ಅವರು ಯಾವುದನ್ನು ಹಿಡಿದಿದ್ದಾರೆ? ಹಳೇ ಗಾಡಿಗಳಲ್ಲಿ ಏರುಪೇರಾಗುವುದೇ ಇಲ್ಲಿ. ಒಂದೇ ವರ್ಷದ ಎರಡು ಎಂಜಿಬಿಗಳ ನಡುವೆ ಬೆಲೆಯ ವ್ಯತ್ಯಾಸ ಬಹಳ ಇರಬಹುದು, ಸ್ಥಿತಿ ನೋಡಿಕೊಂಡು. ನಿಮ್ಮ ಗಾಡಿ ಏಟು ಬೀಳುವ ಮೊದಲು ಹೇಗಿತ್ತು ಅನ್ನುವುದಕ್ಕೆ ಫೋಟೋ, ಬಿಲ್ಲು, ಹಳೇ ವ್ಯಾಲ್ಯುಯೇಷನ್ ಏನಿದ್ದರೂ ಒಟ್ಟು ಮಾಡಿ ಕಳಿಸಿ. ಹಳೇ ಗಾಡಿಗಳನ್ನು ಬಲ್ಲ ಸ್ವತಂತ್ರ ಮೌಲ್ಯಮಾಪಕರಿಂದ ಒಂದು ವರದಿ ತರಿಸಿ. ಮೊದಲು ಹೇಳಿದ ಹಣವೇ ಕೊನೆಯದು ಅಂದುಕೊಳ್ಳಬೇಡಿ.

ನಿಮ್ಮ ಸ್ವಂತ ಪಾಲಿಸಿಯಲ್ಲಿ ಮೊದಲೇ ಒಪ್ಪಿಕೊಂಡ ಮೌಲ್ಯ ಅಂತ ಬರೆದಿದೆಯಾ? ಅದನ್ನು ಇವತ್ತೇ ತೆಗೆದು ಓದಿ. ಇದ್ದರೆ ನಿಮ್ಮ ಕಂಪನಿಯ ಮೂಲಕ ಹೋಗುವುದೇ ಲಾಭ ಇರಬಹುದು. ವ್ಯಾನಿನವರ ಕಂಪನಿ ಲೆಕ್ಕ ಹಾಕುವುದು ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಯ ಮೇಲೆ.

ಇನ್ನೊಂದು ಮಾತು. ಗಾಡಿ ಇಟ್ಟುಕೊಳ್ಳುವುದಾದರೆ ನೋಂದಣಿ ದಾಖಲೆಯಲ್ಲಿ ಏನಾದರೂ ಗುರುತು ಬೀಳುತ್ತದಾ, ಮತ್ತೆ ರಸ್ತೆಗೆ ಇಳಿಸಲು ತಪಾಸಣೆ ಬೇಕಾ, ಆಮೇಲೆ ಅದಕ್ಕೆ ವಿಮೆ ಸಿಗುತ್ತದಾ, ಇವನ್ನು ಸಹಿ ಮಾಡುವ ಮೊದಲು ಕೇಳಿ. ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಬಾಯಿ ಮಾತಿನ ಉತ್ತರ ಲೆಕ್ಕಕ್ಕಿಲ್ಲ.

ಎರಡು_ಎಸ್‌ಯು:

ಬೇಸರ ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ. ನನ್ನ ಹತ್ತಿರವೂ ಎಂಜಿಬಿ ಇದೆ, ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದೇನೆ. ಆದರೂ ಹೇಳಬೇಕು: ಇದು ಅಪರೂಪದ ಗಾಡಿ ಅಲ್ಲ. 1962ರಿಂದ 1980ರವರೆಗೆ ಮಾಡಿದರು, ಮುಚ್ಚಿದ ಮೈಯ ಜಿಟಿಯೂ ಸೇರಿ 5 ಲಕ್ಷಕ್ಕೂ ಜಾಸ್ತಿ. ಲೋಕದಲ್ಲಿ ಕೆಲವೇ ಉಳಿದಿರುವ ಗಾಡಿಯಾಗಿದ್ದರೆ ಎಷ್ಟೇ ಖರ್ಚಾದರೂ ಉಳಿಸಿ ಅನ್ನುತ್ತಿದ್ದೆ. ಇಲ್ಲಿ ಆ ಮಾತಿಲ್ಲ. ಮೈ ಗಟ್ಟಿ ಇರುವ, ಎಂಜಿನ್ ಸುಸ್ತಾದ ಇನ್ನೊಂದು ಎಂಜಿಬಿ ಹುಡುಕಿ ತಂದು, ನಿಮ್ಮ ಒಳ್ಳೇ ಎಂಜಿನ್, ಗೇರ್‌ಬಾಕ್ಸ್, ಸೀಟು, ಹುಡ್, ವೈರ್ ವೀಲ್ ಎಲ್ಲ ಅದಕ್ಕೆ ಹಾಕಿದರೆ ಖರ್ಚು ಅರ್ಧದಲ್ಲೇ ಮುಗಿಯಬಹುದು.

ಹಳೇ ಗಾಡಿಯಲ್ಲಿ ಎಂಜಿನ್ ಕೆಲಸ ಅಗ್ಗ, ಮೈ ಕೆಲಸ ದುಬಾರಿ. ಎಂಜಿನ್ನಿಗೆ ಸಾಮಾನು ತಂದು ಜೋಡಿಸಿದರೆ ಮುಗಿಯಿತು. ಮೈಗೆ ಗಂಟೆಗಟ್ಟಲೆ ಒಬ್ಬ ಒಳ್ಳೇ ಕೆಲಸಗಾರನ ಕೈ ಬೇಕು, ಅಂಥವರು ಸಿಗುವುದೇ ಕಡಿಮೆ, ಸಿಕ್ಕರೂ ಅವರ ಮುಂದೆ ಸಾಲು ಇರುತ್ತದೆ. ಅರ್ಧ ಬಿಚ್ಚಿದ ಗಾಡಿ ವರ್ಷಗಟ್ಟಲೆ ಮೂಲೆಯಲ್ಲಿ ನಿಂತು, ಸಾಮಾನು ಕಳೆದುಹೋಗಿ, ಕೊನೆಗೆ ಗುಜರಿಗೆ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮುಗಿಸುವ ಶಕ್ತಿ ಇದ್ದರೆ ಮಾತ್ರ ಶುರು ಮಾಡಿ.

ಹೊಸ_ಶೆಲ್:

ಮಧ್ಯದ ದಾರಿ ಒಂದಿದೆ, ಯಾರೂ ಹೇಳಲಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಎಂಜಿಬಿಗೆ ಹೊಚ್ಚ ಹೊಸ ಬಾಡಿಶೆಲ್ (ಎಂಜಿನ್, ಸೀಟು ಏನೂ ಇಲ್ಲದ ಬರೀ ಉಕ್ಕಿನ ಮೈ) ಮಾಡುತ್ತಿದ್ದಾರೆ, ಹಳೇ ಕಾರ್ಖಾನೆಯ ಅಚ್ಚುಗಳನ್ನೇ ಬಹಳಷ್ಟು ಬಳಸಿ. ನನ್ನ ಗಾಡಿಗೆ ಅದನ್ನೇ ಹಾಕಿಸಿದ್ದೇನೆ. ತುಕ್ಕಿಲ್ಲ, ಸೊಟ್ಟ ಇಲ್ಲ, ಓಡಿಸುವಾಗ ಗಾಡಿ ಗಟ್ಟಿಯಾಗಿ ಒಂದೇ ತುಂಡು ಅನಿಸುತ್ತದೆ.

ಶೆಲ್ ಬೆಲೆ ಒಂದನ್ನೇ ನೋಡಿ ಹಿಗ್ಗಬೇಡಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಶೆಲ್ ಬಂದ ಮೇಲೆ ಬಾಗಿಲು, ಬಾನೆಟ್ ಸಂದು ಹೊಂದಿಸಬೇಕು, ಬಣ್ಣ ಹೊಡೆಸಬೇಕು. ಆಮೇಲೆ ಹಳೇ ಗಾಡಿಯಿಂದ ಒಂದೊಂದೇ ಬಿಚ್ಚಿ ಹಾಕುವಾಗ ಗೊತ್ತಾಗುತ್ತದೆ. ವೈರಿಂಗ್ ಮುಟ್ಟಿದರೆ ಪುಡಿಯಾಗುತ್ತದೆ, ಬ್ರೇಕ್ ಪೈಪು ತುಕ್ಕು ಹಿಡಿದಿದೆ, ಬಾಗಿಲ ರಬ್ಬರು ಕಿತ್ತರೆ ಮತ್ತೆ ಕೂರುವುದಿಲ್ಲ, ಹೀಟರ್ ಪೆಟ್ಟಿಗೆ ತೂತಾಗಿದೆ. ಅಷ್ಟು ಚೆಂದದ ಹೊಸ ಶೆಲ್ಲಿಗೆ ಹಳೇ ಕೊಳಕು ಸಾಮಾನು ಹಾಕಲು ಮನಸ್ಸೂ ಬರುವುದಿಲ್ಲ. ಕೈ ಕಚ್ಚುವುದು ಶೆಲ್ ಅಲ್ಲ, ಈ ಸಣ್ಣಪುಟ್ಟದ್ದು. ಇಡೀ ಗಾಡಿಯನ್ನೇ ಹೊಸದು ಮಾಡುವ ಯೋಚನೆ ಮೊದಲೇ ಇದ್ದರೆ ಮಾತ್ರ ಈ ದಾರಿ.

ಮತ್ತೆ, ಚಾಸಿ ನಂಬರಿನ ವಿಷಯ. ಶೆಲ್ ಬದಲಿಸಿದ ಮೇಲೂ ಅದೇ ನೋಂದಣಿ ಉಳಿಯಲು ಏನು ಮಾಡಬೇಕು ಅಂತ ಇಲಾಖೆಯಲ್ಲಿ ಮೊದಲೇ ವಿಚಾರಿಸಿ, ಹಳೇ ಶೆಲ್ ಕತ್ತರಿಸುವ ಮೊದಲು. ಕತ್ತರಿಸಿದ ಮೇಲೆ ತೋರಿಸಲು ಏನೂ ಇರುವುದಿಲ್ಲ.

ಕ್ರೋಮ್_ಬಂಪರ್:

ಎಲ್ಲರಿಗೂ ತುಂಬಾ ಧನ್ಯವಾದ. ಕಂಪನಿಗೆ ಪತ್ರ ಬರೆದು, ಅವರು ಬಿಚ್ಚಬಹುದು ಅಂದ ಮೇಲೆ ಕೆಲಸ ಶುರು ಮಾಡಿದೆ. ಗೆಳೆಯನೊಬ್ಬ ಟೇಪಿನ ಇನ್ನೊಂದು ತುದಿ ಹಿಡಿದ.

ಕರ್ಣಗಳ ವ್ಯತ್ಯಾಸ 4 ಮಿ.ಮೀ. ವೀಲ್‌ಬೇಸ್ ಬಲಗಡೆ ಸರಿಯಾಗಿ 91 ಇಂಚು, ಎಡಗಡೆ 19 ಮಿ.ಮೀ. ಕಡಿಮೆ. ಎಡ ಕೆಳಗಿನ ವಿಶ್‌ಬೋನ್ ಬಗ್ಗಿರುವುದು ಚಕ್ರ ಬಿಚ್ಚಿದ ಕೂಡಲೇ ಕಂಡಿತು. ಕ್ರಾಸ್‌ಮೆಂಬರಿನ ಎಡ ತುದಿಯೂ ಸ್ವಲ್ಪ ತಿರುಚಿದ ಹಾಗಿದೆ.

ಫೆಂಡರ್ ಬಿಚ್ಚಿದ ಮೇಲೆ ಬಾಗಿಲು ಮುಂದಿನ ಅಂಚಿನಲ್ಲಿ ಉಜ್ಜುವುದು ನಿಂತಿತು. ಆದರೆ ಲಾಕ್ ಇರುವ ಹಿಂದಿನ ಅಂಚಿನಲ್ಲಿ ಮೇಲಿನ ಸಂದು ಈಗಲೂ ಕಿರಿದಾಗಿದೆ, ಕೆಳಗೆ ಅಗಲ ಇದೆ. ಫೆಂಡರಿನ ಹಿಂದೆ ಒಣಗಿದ ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದು ತೆಗೆದೆ. ಒಳಗೆ ಸಿಲ್‌ನ ಮುಂದಿನ ತುದಿ ಕಾಣಬೇಕಿತ್ತು ಅಲ್ವಾ, ಅಲ್ಲಿ ಕಂದು ಬಣ್ಣದ ಪದರ ಪದರ ಬಿಟ್ಟು ಏನೂ ಇಲ್ಲ. ಹೊರಗಿನಿಂದ ನಯವಾಗಿ ಕಾಣುವ ಸಿಲ್ ಮೇಲೆ ಮ್ಯಾಗ್ನೆಟ್ ಇಟ್ಟರೆ ನಡುವೆ ಒಂದು ಗೇಣು ಜಾಗದಲ್ಲಿ ಹಿಡಿಯುವುದೇ ಇಲ್ಲ, ಬಿದ್ದುಹೋಗುತ್ತದೆ. ಬಣ್ಣ ಕೆರೆದೆ. ಕೆಳಗೆ ಬೆರಳು ದಪ್ಪ ಪುಟ್ಟಿ. ಹಳೇ ಸಿಲ್ ಕತ್ತರಿಸದೆ ಅದರ ಮೇಲೆಯೇ ಇನ್ನೊಂದು ಶೀಟು ಹೊದಿಸಿ ವೆಲ್ಡ್ ಮಾಡಿದ್ದಾರೆ, ಅದು ಫೆಂಡರಿನ ಒಳಗೆ ಹೋಗದೆ ಅಂಚಿನಲ್ಲೇ ನಿಂತಿದೆ. ಇದು ನಾನು ಕೊಳ್ಳುವ ಮೊದಲೇ ಆಗಿರುವ ಕೆಲಸ.

ನೋಡಿ ಕೈಕಾಲು ತಣ್ಣಗಾಯಿತು. ಇಷ್ಟು ವರ್ಷ ಇದರಲ್ಲೇ ಮನೆಯವರನ್ನು ಕೂರಿಸಿಕೊಂಡು ಓಡಾಡಿದ್ದೇನೆ.

ಶೀಟ್_ಮೆಟಲ್:

ನೀವು ಅಳೆದು ಬರೆದಿದ್ದಕ್ಕೆ ಖುಷಿಯಾಯಿತು, ಈಗ ಮಾತಾಡಲು ಏನಾದರೂ ಇದೆ.

ಏಟಿನ ಹಾನಿ ನೀವು ಹೆದರಿದಷ್ಟಿಲ್ಲ. ಮನೆಯ ನೆಲದ ಮೇಲೆ ದಾರ ಬಿಟ್ಟು ಅಳೆದಾಗ 4 ಮಿ.ಮೀ. ಬಂದರೆ ರೈಲು ದೊಡ್ಡದಾಗಿ ಬಗ್ಗಿಲ್ಲ. ಜಿಗ್ ಮೇಲೆ ಇಟ್ಟು ಖಾತ್ರಿ ಮಾಡಿಕೊಳ್ಳಿ, ಬೇಕಾದರೆ ಅಷ್ಟನ್ನು ಎಳೆದು ಸರಿ ಮಾಡುತ್ತಾರೆ. ಕ್ರಾಸ್‌ಮೆಂಬರ್ ಬದಲಿಸಿ. ಎಡಗಡೆಯ ವಿಶ್‌ಬೋನ್, ಕಿಂಗ್‌ಪಿನ್, ಸ್ಟಬ್ ಆಕ್ಸಲ್, ಸ್ಟೀರಿಂಗ್ ಆರ್ಮ್, ಹೀಗೆ ಚಕ್ರವನ್ನು ಹಿಡಿದು ತಿರುಗಿಸುವ ಸಾಮಾನು ಎಲ್ಲವನ್ನೂ ಬದಲಿಸಿ. ಯಾರಾದರೂ ಬಿಸಿ ಮಾಡಿ ನೇರ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ, ಅಲ್ಲಿ ಒಂದು ಸಣ್ಣ ಬಿರುಕು ಉಳಿದರೂ ಚಕ್ರವೇ ಹೋಗುತ್ತದೆ. ಸ್ಟೀರಿಂಗ್ ರ‍್ಯಾಕ್ ಬಿಚ್ಚಿ ನೋಡಿಸಿ. ಆ ಕಡೆಯ ಲಿವರ್ ಆರ್ಮ್ ಡ್ಯಾಂಪರೂ (ತೋಳಿರುವ ಶಾಕ್ ಅಬ್ಸಾರ್ಬರ್) ಅಷ್ಟೇ, ಎಂಜಿಬಿಯಲ್ಲಿ ಮೇಲಿನ ವಿಶ್‌ಬೋನ್ ಕೆಲಸವನ್ನು ಅದರ ತೋಳೇ ಮಾಡುವುದು. ವೈರ್ ವೀಲ್‌ನ ಕಡ್ಡಿಗಳು, ಹಬ್‌ನ ಹಲ್ಲುಗಳು, ಇವೂ ಮರೆಯಬೇಡಿ.

ನಿಮ್ಮ ಗಾಡಿಯ ಹಣೆಬರಹ ಬರೆಯುವುದು ವ್ಯಾನಿನ ಏಟಲ್ಲ, ಆ ಸಿಲ್. ತೆರೆದ ಮೈಯ ಗಾಡಿ ಮುಚ್ಚಳ ಕಿತ್ತ ರಟ್ಟಿನ ಪೆಟ್ಟಿಗೆಯ ಹಾಗೆ, ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ, ಭಾರವೆಲ್ಲ ಕೆಳಗಿನ ಅಂಚುಗಳ ಮೇಲೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಸಿಲ್ ಅಂದರೆ ಹೊರಗೆ ಕಾಣುವ ಒಂದು ಶೀಟಲ್ಲ. ಹೊರ ಸಿಲ್, ಅದರ ಹಿಂದೆ ನಿಂತಿರುವ ನಡು ಶೀಟು, ಒಳ ಸಿಲ್, ಕೆಳಗೆ ಕ್ಯಾಸಲ್ ರೈಲು ಅನ್ನುವ ಪಟ್ಟಿ, ಎಲ್ಲ ಸೇರಿ ಒಂದು ಪೆಟ್ಟಿಗೆ. ನಡು ಶೀಟು ಕೊಳೆತರೆ ಹೊರಗೆ ಎಷ್ಟು ಹೊದಿಸಿದರೂ ಬಲ ಬರುವುದಿಲ್ಲ. ಮೇಲೆ ಕಿರಿದು ಕೆಳಗೆ ಅಗಲ ಅಂತ ನೀವು ಹೇಳಿದ ಸಂದು ಅದನ್ನೇ ಹೇಳುತ್ತಿದೆ, ಗಾಡಿ ನಡುವಿನಲ್ಲಿ ಕುಸಿಯುತ್ತಿದೆ.

ಈಗ ಬಲಗಡೆ ನೋಡಿ. ಏಟು ಬೀಳದ ಕಡೆ ಅಂತ ಬಿಡಬೇಡಿ, ಆ ಫೆಂಡರನ್ನೂ ಬಿಚ್ಚಿ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬ್ಯಾಟರಿ ಪೆಟ್ಟಿಗೆ, ನೆಲದ ಶೀಟು, ಸೀಟಿನ ಕೆಳಗಿನ ಅಡ್ಡಪಟ್ಟಿ, ಇಷ್ಟನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆಲ್ಲಗೆ ಅಲ್ಲ, ಒತ್ತಿ ಚುಚ್ಚಿ. ಇವು ಗಟ್ಟಿ ಇದ್ದರೆ ನಾನಾಗಿದ್ದರೆ ಈ ಗಾಡಿ ಉಳಿಸುತ್ತೇನೆ. ಇವೂ ಹೋಗಿದ್ದರೆ ಎರಡು_ಎಸ್‌ಯು ಅವರ ಮಾತು ಕೇಳಿ.

ಎರಡು_ಎಸ್‌ಯು:

ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ: ಬೇರೆ ಗಾಡಿ ಕೊಳ್ಳುವುದಾದರೂ ಇದೇ ಮ್ಯಾಗ್ನೆಟ್, ಇದೇ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹೋಗಿ. ಹೊಳೆಯುವ ಬಣ್ಣದ ಕೆಳಗೆ ಇದೇ ಪುಟ್ಟಿ ಇರುವ ಗಾಡಿಗಳು ಮಾರಾಟಕ್ಕೆ ಬೇಕಾದಷ್ಟಿವೆ. ನಿಮ್ಮ ಗಾಡಿಯಲ್ಲಿ ಏನಿದೆ ಅಂತ ನಿಮಗೀಗ ಗೊತ್ತು, ಹೊಸದಾಗಿ ಕೊಳ್ಳುವುದರಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಇದು ಸಣ್ಣ ವಿಷಯವಲ್ಲ, ಮೊದಲ ಉತ್ತರದಲ್ಲಿ ನಾನು ಇದಕ್ಕೆ ತೂಕ ಕೊಟ್ಟಿರಲಿಲ್ಲ.

ಪಾಲಿಸಿ_ಓದಿ:

ತುಕ್ಕಿನ ಖರ್ಚನ್ನು ವ್ಯಾನಿನವರ ಕ್ಲೇಮಿಗೆ ಸೇರಿಸಬೇಡಿ. ಎರಡೂ ಎಸ್ಟಿಮೇಟ್ ಬೇರೆ ಬೇರೆ ಮಾಡಿಸಿ, ಏಟಿನದು ಒಂದು, ಹಳೇ ತುಕ್ಕಿನದು ಒಂದು. ಬೆರೆಸಿದರೆ ನ್ಯಾಯವಾಗಿ ಬರಬೇಕಾದ ಹಣಕ್ಕೂ ಅಡ್ಡಿ ಮಾಡುತ್ತಾರೆ, ಮತ್ತು ಅದು ಸರಿಯೂ ಅಲ್ಲ.

ಕ್ರೋಮ್_ಬಂಪರ್:

ಬಲಗಡೆಯ ಫೆಂಡರನ್ನೂ ಬಿಚ್ಚಿ ನೋಡಿದೆ. ಸಿಲ್‌ನ ಮುಂದಿನ ತುದಿಯಲ್ಲಿ ತುಕ್ಕು ಶುರುವಾಗಿದೆ, ಆದರೆ ನಡು ಶೀಟು ಇದೆ, ಸ್ಕ್ರೂಡ್ರೈವರ್ ನಾಟಲಿಲ್ಲ. ಸ್ಪ್ರಿಂಗ್ ಕೂರುವ ಜಾಗ ಎರಡೂ ಕಡೆ ಗಟ್ಟಿ. ಎಡ ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ತೂತಿದೆ. ನೆಲದ ಶೀಟು ಎಡಗಡೆ ಸಿಲ್ಲಿಗೆ ಸೇರುವ ಅಂಚಿನಲ್ಲಿ ಮಾತ್ರ ಹೋಗಿದೆ, ಉಳಿದದ್ದು ಚೆನ್ನಾಗಿದೆ.

ಗಾಡಿ ಇಟ್ಟುಕೊಳ್ಳುತ್ತೇನೆ. ಮಾರುವ ಯೋಚನೆ ನನಗಿಲ್ಲ, ಹಾಕಿದ ದುಡ್ಡು ವಾಪಸು ಬರುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ಕಂಪನಿಗೆ ಹಳೇ ಫೋಟೋ, ಬಿಲ್ಲು, ಹೊಸ ವ್ಯಾಲ್ಯುಯೇಷನ್ ಕಳಿಸಿದ ಮೇಲೆ ಮೊತ್ತ ಏರಿಸಿದ್ದಾರೆ, ತಪಾಸಣೆಯ ನಿಯಮವನ್ನು ಬರೆದೂ ಕೊಟ್ಟಿದ್ದಾರೆ. ಈ ಸಲ ದುಡ್ಡೆಲ್ಲ ಮೊದಲು ಸಿಲ್ಲಿಗೆ, ಜಿಗ್ಗಿಗೆ, ಸಸ್ಪೆನ್ಷನ್ನಿಗೆ. ಬಣ್ಣಕ್ಕೆ ಉಳಿಯದಿದ್ದರೆ ಪ್ರೈಮರ್ ಬಳಿದುಕೊಂಡೇ ಇರಲಿ.

ಒಂದೇ ಪ್ರಶ್ನೆ ಉಳಿದಿದೆ. ಸಿಲ್ ಕೆಲಸ ಕೊಡುವಾಗ ಕೆಲಸಗಾರನಿಗೆ ಏನು ಕೇಳಬೇಕು?

ಶೀಟ್_ಮೆಟಲ್:

"ಸಿಲ್ ಕತ್ತರಿಸುವ ಮೊದಲು ಗಾಡಿಗೆ ಆಧಾರ ಹೇಗೆ ಕೊಡ್ತೀರಿ?" ಅಂತ ಕೇಳಿ. ಬಾಗಿಲ ಬಾಯಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿ, ಸಂದು ಮೊದಲು ಸರಿ ಮಾಡಿಕೊಂಡು, ಬಾಗಿಲು ಹಿಂಜಿನ ಮೇಲೆ ಇದ್ದಂತೆಯೇ ಹೊಸ ಸಿಲ್ ಹೊಂದಿಸಿ, ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋಗ್ತೀನಿ ಅಂದರೆ ಕೆಲಸ ಕೊಡಿ. ಕುಸಿದ ಗಾಡಿಗೆ ಹಾಗೇ ಸಿಲ್ ಹಾಕಿಬಿಟ್ಟರೆ ಸೊಟ್ಟವೇ ಖಾಯಂ ಆಗುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಹೊರ ಸಿಲ್ ಪೂರ್ತಿ ಉದ್ದದ್ದೇ ಬೇಕು, ಹಿಂದಿನ ಫೆಂಡರಿನ ಕೆಳ ತುದಿ ಕತ್ತರಿಸಿ ಒಳಗೆ ಸೇರಿಸಬೇಕು. ಬಾಗಿಲ ಉದ್ದಕ್ಕೆ ಮಾತ್ರ ಹಾಕ್ತೀನಿ ಅಂದರೆ ಎದ್ದು ಬನ್ನಿ. ಮುಚ್ಚುವ ಮೊದಲು ನಡು ಶೀಟಿನ ಫೋಟೋ ತೆಗೆದುಕೊಡಲು ಹೇಳಿ, ಎಲ್ಲ ಮುಗಿದ ಮೇಲೆ ಒಳಗೆ ಮೇಣದ ತುಕ್ಕುನಿರೋಧಕ ಹೊಡೆಸಿ, ನೀರು ಇಳಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಬಲಗಡೆಯ ತುದಿಯನ್ನೂ ಇದೇ ಸಲ ಮಾಡಿಸಿಬಿಡಿ, ಫೆಂಡರ್ ಹೇಗೂ ಬಿಚ್ಚಿದೆ.